ನೇಕಾರನೊಬ್ಬ ಗ್ಲೌಸು ಕೊಂಡದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಮುಖಕ್ಕೆ ಮಾಡದ ಆರೈಕೆಯನ್ನು ನಾನು ಕೈಗಳಿಗೆ ಮಾಡುತ್ತೇನೆ. ಗಡ್ಡ ಬೋಳಿಸುವುದು ವಾರಕ್ಕೊಮ್ಮೆಯಾದರೆ ಹೆಚ್ಚು, ಉಗುರನ್ನು ಮಾತ್ರ ದಿನಾ ಉಜ್ಜುತ್ತೇನೆ. ತಲೆಗೆ ಎಣ್ಣೆ ಹಚ್ಚಿಕೊಂಡದ್ದು ಯಾವಾಗಲೋ ನೆನಪಿಲ್ಲ, ಅಂಗೈಗೆ ಹರಳೆಣ್ಣೆ ಸವರದ ದಿನವೂ ನೆನಪಿಲ್ಲ. ಮದುವೆಮನೆಯಲ್ಲಿ ಹೊಸಬರು ಯಾರಾದರೂ ನನ್ನ ಕೈ ಕುಲುಕಿದರೆ ಒಂದು ಗಳಿಗೆ ತಬ್ಬಿಬ್ಬಾಗಿ ಮುಖ ನೋಡುತ್ತಾರೆ. ನಲವತ್ತೆಂಟು ವರ್ಷದ, ಮೀಸೆ ನರೆತ ಗಂಡಸಿಗೆ ಇಷ್ಟು ಮೆದುವಾದ ಕೈ ಎಲ್ಲಿಂದ ಬಂತು ಎಂಬುದು ಅವರ ಚಿಂತೆ. ನಾನು ವಿವರಿಸಲು ಹೋಗುವುದಿಲ್ಲ. ಒಳಗೊಳಗೇ ಸ್ವಲ್ಪ ಜಂಬಪಟ್ಟುಕೊಂಡು ಪಾಯಸದ ಕಡೆ ತಿರುಗುತ್ತೇನೆ.

ಕಾರಣ ಬಹಳ ಸರಳ. ನಾನು ಕೊಳ್ಳೇಗಾಲದ ರೇಷ್ಮೆ ನೇಕಾರ. ಕನ್ನಡ ಐಚ್ಛಿಕ ತೆಗೆದುಕೊಂಡು ಬಿ.ಎ. ಮಾಡಿ, ಆಮೇಲೆ ಅಪ್ಪನ ಮಗ್ಗಕ್ಕೆ ಕೂತವನು. ರೇಷ್ಮೆ ಎಳೆಗೆ ಒರಟು ಕೈ ಕಂಡರಾಗದು. ಬೆರಳಿನ ತುದಿಯಲ್ಲಿ ಒಂದು ಸಿಬಿರೆದ್ದಿದ್ದರೆ, ಅಂಗೈಯಲ್ಲಿ ಒಂದು ಒಣ ಗಾಯದ ಸಿಪ್ಪೆಯಿದ್ದರೆ, ಎಳೆ ಅದಕ್ಕೆ ಸಿಕ್ಕಿ ಎದ್ದುಬಿಡುತ್ತದೆ. ಎದ್ದ ಎಳೆಯನ್ನು ಮತ್ತೆ ಮಲಗಿಸುವವನು ಇನ್ನೂ ಹುಟ್ಟಿಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ಒಂದು ಕಟ್ಟಳೆಯಿದೆ. ಮಗ್ಗದ ಕಂಬಕ್ಕೆ ಬಿಡಿ ರೇಷ್ಮೆಯ ಒಂದು ಸಣ್ಣ ಕುಚ್ಚು ಕಟ್ಟಿದೆ. ಮಗ್ಗಕ್ಕೆ ಇಳಿಯುವ ಮುಂಚೆ ಯಾರೇ ಆಗಲಿ ಎರಡೂ ಅಂಗೈಗಳನ್ನು ಆ ಕುಚ್ಚಿನ ಮೇಲೆ ಎಳೆದುಕೊಳ್ಳಬೇಕು. ಎಳೆ ಹಿಡಿಯದಿದ್ದರೆ ಕೂರಬಹುದು. ಹಿಡಿದರೆ ಎದ್ದು ಹೋಗಿ ಕೈ ಸರಿಮಾಡಿಕೊಂಡು ಬರಬೇಕು. ನಮ್ಮಮ್ಮ ರಾಜಮ್ಮನಿಗೆ ಎಪ್ಪತ್ತು ದಾಟಿದೆ, ಕಣ್ಣು ಮಂಜು, ಆದರೂ ಜಗಲಿಯಲ್ಲಿ ಕೂತೇ ಕೇಳುತ್ತಾಳೆ: "ಎಳ್ಕಂಡಾ? ಇಡೀತಾ?" ಈ ಪ್ರಶ್ನೆಗೆ ಸುಳ್ಳು ಹೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಬಂದಿಲ್ಲ.

ಇಂಥ ಕೈಗಳನ್ನು ಇಟ್ಟುಕೊಂಡು ನಾನು ಮೋಟಾರ್ ಸೈಕಲ್ ರೇಸಿನ ಟ್ರ್ಯಾಕಿಗೆ ಹೋದೆ ಎಂದರೆ ನಿಮಗೆ ನಗು ಬರಬಹುದು. ನನಗೂ ಬರುತ್ತದೆ, ಈಗ.

ಇದಕ್ಕೆಲ್ಲ ಮೂಲಪುರುಷ ಸಿದ್ದರಾಜು. ಧನಗೆರೆಯವನು, ನನ್ನ ಹೈಸ್ಕೂಲು ಗೆಳೆಯ, ಕೊಳ್ಳೇಗಾಲದಲ್ಲಿ ಬೈಕ್ ಗ್ಯಾರೇಜು ಇಟ್ಟಿದ್ದಾನೆ. ನಾನು ಒಂದು ಹಳೇ ಇನ್ನೂರು ಸಿಸಿ ಬೈಕು ಕೊಂಡಾಗ ಅದಕ್ಕೆ ಜೀವ ಕೊಟ್ಟವನು ಅವನೇ. ಸೋಮವಾರ ಮಗ್ಗಕ್ಕೆ ರಜ ಹಾಕಿ ಇಬ್ಬರೂ ಹನೂರು ದಾಟಿ ಮಾದಪ್ಪನ ಬೆಟ್ಟದ ರಸ್ತೆಗೆ ಹೋಗುತ್ತಿದ್ದೆವು. ದಿನವೆಲ್ಲ ಒಂದೇ ಜಾಗದಲ್ಲಿ ಕೂತು, ಕಾಲು ಮಗ್ಗದ ಗುಂಡಿಯಲ್ಲಿ ಇಳಿಬಿಟ್ಟು, ಗೇಣಳತೆಯಲ್ಲಿ ಮುಂದೆ ಸಾಗುವವನಿಗೆ ಆ ತಿರುವುಗಳು ಏನು ಮಾಡುತ್ತವೆ ಎಂದು ಹೇಗೆ ಹೇಳಲಿ? ಬೈಕು ಒಂದು ಕಡೆಗೆ ವಾಲಿ, ಮತ್ತೊಂದು ಕಡೆಗೆ ಎದ್ದು, ಮತ್ತೆ ವಾಲಿ ಹೋಗುವಾಗ ನನಗೆ ನನ್ನದೇ ಲಾಳಿಯ ಮೇಲೆ ಸವಾರಿ ಹೊರಟಂತೆ ಅನ್ನಿಸುತ್ತಿತ್ತು. ಸ್ವಲ್ಪ ಸ್ವಲ್ಪವೇ ವೇಗ ಹೆಚ್ಚಿತು. ಒಂದು ದಿನ ಸಿದ್ದರಾಜು ಬೈಕು ನಿಲ್ಲಿಸಿ, ಹೆಲ್ಮೆಟ್ ತೆಗೆದು, ನನಗೆ ಬೈದ.

"ಲೇ ನಂಜ, ನಿಂಗೆ ರೋಡ್ ಸರೋಗಲ್ಲ ಕಣ್ಲಾ. ಎದುರ್ಗಡೆ ಬಸ್ ಬತ್ತದ, ನಡ್ಕಂಡ್ ಬರೋ ಭಕ್ತರು ಬತ್ತರ, ಆನೆನೂ ಬತ್ತದ. ಓಡುಸ್ಲೇಬೇಕು ಅಂದ್ರ ಟ್ರ್ಯಾಕ್ ಅದ, ಅಲ್ಲಿಗ್ ಕರ್ಕೊಂಡ್ ಓಯ್ತೀನಿ."

ಕೊಯಮತ್ತೂರಿನ ಹತ್ತಿರ ಒಂದು ಟ್ರ್ಯಾಕಿದೆ. ಆಗಾಗ ಒಂದು ದಿನ ನಮ್ಮಂಥ ಅಡ್ಡಕಸುಬಿಗಳಿಗೂ ತರಬೇತಿ ಕೊಟ್ಟು ಬೈಕು ಓಡಿಸಲು ಬಿಡುತ್ತಾರೆ. ಸಿದ್ದರಾಜು ಮೈಸೂರಿನ ಯಾರದೋ ಜೊತೆ ಮೆಕ್ಯಾನಿಕ್ಕಾಗಿ ಹೋಗಿ, ಆಮೇಲೆ ತಾನೂ ಓಡಿಸಿ ಬಂದಿದ್ದ. ಚರ್ಮದ ಸೂಟು, ಬೂಟು ಎಲ್ಲ ಅಲ್ಲೇ ಬಾಡಿಗೆಗೆ ಸಿಗುತ್ತವಂತೆ. "ಗ್ಲೌಸ್ ಮಾತ್ರ ನಿಂದೇ ತಕ. ಬ್ಯಾರೆಯವರ್ದು ನಿನ್ ಕೈಗೆ ಕೂರದಿಲ್ಲ," ಎಂದ. ಹೀಗೆ ನನ್ನ ಮುಂದಿನ ಎರಡು ವಾರಗಳು ಎರಡು ಚರ್ಮದ ಚೀಲಗಳಿಗೆ ಮೀಸಲಾದವು.

ಇಲ್ಲಿ ಒಂದು ವಿಷಯ ಹೇಳದಿದ್ದರೆ ನಿಮಗೆ ನನ್ನ ಸಂಕಟ ಗೊತ್ತಾಗುವುದಿಲ್ಲ. ಆಗ ನನ್ನ ಮಗ್ಗದಲ್ಲಿ ಇದ್ದದ್ದು ಸಿದ್ದರಾಜುವಿನ ಮಗಳು ಕಾವ್ಯಳ ಧಾರೆ ಸೀರೆ. ಅರಿಸಿನ ಬಣ್ಣದ ಒಡಲು, ಕುಂಕುಮ ಬಣ್ಣದ ಅಂಚು. ಅರ್ಧ ನೇಯ್ದಿದ್ದೆ. ನೇಕಾರರಲ್ಲಿ ಒಬ್ಬೊಬ್ಬರ ಕೈ ಹೊಡೆತ ಒಂದೊಂದು ಥರ. ಒಬ್ಬನದು ಬಿಗಿ, ಒಬ್ಬನದು ಸಡಿಲ. ನಡುವೆ ಕೈ ಬದಲಾದರೆ ಬಟ್ಟೆಯಲ್ಲಿ ಅಡ್ಡಕ್ಕೆ ಒಂದು ಗೆರೆ ಬೀಳುತ್ತದೆ. ಎಲ್ಲರ ಕಣ್ಣಿಗೂ ಕಾಣುವುದಿಲ್ಲ, ಆದರೆ ಒಮ್ಮೆ ಕಂಡರೆ ಮತ್ತೆ ಅದೊಂದೇ ಕಾಣುತ್ತದೆ. ಬೇರೆ ಸೀರೆಗಾದರೆ ಹೇಗೋ ನಡೆದೀತು. ಧಾರೆ ಸೀರೆಯನ್ನು ಮಾತ್ರ ಹಿಡಿದ ಕೈಯೇ ಮುಗಿಸಬೇಕು. ಗಾಯವಾಗಿ ವಾಸಿಯಾದ ಕೈಯೂ ಆಗುವುದಿಲ್ಲ, ಅದರ ಹೊಡೆತವೂ ಬೇರೆಯಾಗಿರುತ್ತದೆ. ಅಂದರೆ ಟ್ರ್ಯಾಕಿನಲ್ಲಿ ನನ್ನ ಅಂಗೈ ಕಿತ್ತುಹೋದರೆ, ಕಾವ್ಯಳ ಸೀರೆಯ ಮೇಲೆ, ಹಸೆಮಣೆಯ ಮೇಲೆ, ಎಲ್ಲರೆದುರು, ಆ ಗೆರೆ ಕೂತಿರುತ್ತದೆ.

ಸೀರೆ ಮುಗಿಸಿ ಹೋಗಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನನ್ನ ಹೆಂಡತಿ ನಾಗರತ್ನಳೂ ಕೇಳಿದಳು. ಆ ತರಬೇತಿ ಬಿಟ್ಟರೆ ಮತ್ತೆ ಯಾವಾಗಲೋ ಗೊತ್ತಿಲ್ಲ, ಮದುವೆಯಾದ ಮೇಲೆ ಸಿದ್ದರಾಜುವಿಗೆ ಬಿಡುವಿಲ್ಲ, ಹೀಗೆಲ್ಲ ಹೇಳಿದೆ. ನಿಜ ಹೇಳಬೇಕೆಂದರೆ ನಾನು ಹಟಕ್ಕೆ ಬಿದ್ದಿದ್ದೆ. ಅವಳು ಕಂಡಿಕೆಗೆ ನೂಲು ಸುತ್ತುವುದನ್ನು ನಿಲ್ಲಿಸದೆಯೇ ಹೇಳಿದಳು: "ಓಗಿ, ನಾನ್ಯಾಕ್ ತಡೀಲಿ? ಆದ್ರ ಆ ಕೈ ಎಂಗ್ ಓಯ್ತೋ ಅಂಗೇ ವಾಪಸ್ ಬರ್ಬೇಕು. ಕಾವ್ಯನ್ ಸೀರೆ ಇನ್ನೂ ಅರ್ದ ಅದ." ಮಿಕ್ಕ ನನ್ನ ಬಗ್ಗೆ ಏನೂ ಹೇಳಲಿಲ್ಲ ಎಂಬುದನ್ನು ನಾನು ಗಮನಿಸದೆ ಇರಲಿಲ್ಲ.

ನೋಡಿ, ಕೈಗೆ ಕಾಪು ಹಾಕುವುದು ನಮ್ಮ ಸೀಮೆಯಲ್ಲಿ ಅಷ್ಟಾಗಿ ರೂಢಿಯಿಲ್ಲ. ರೇಷ್ಮೆಗೂಡು ಬಿಚ್ಚುವ ಹೆಂಗಸರು ಕುದಿಯುವ ನೀರಿನಲ್ಲಿ ಬರಿ ಬೆರಳಾಡಿಸಿಯೇ ಎಳೆಯ ತುದಿ ಹುಡುಕುತ್ತಾರೆ. ಕಬ್ಬು ಕಡಿಯುವವರು ಬಹಳವೆಂದರೆ ಹಳೇ ಟವೆಲು ಸುತ್ತಿಕೊಳ್ಳುತ್ತಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೆಜ್ಜೇನಿಗೂ ಬರಿಗೈಯಲ್ಲೇ ಹೋಗುತ್ತಾರೆ. ಆದರೆ ಹಿಂದಿನವರು ಇದನ್ನು ಅರಿಯದವರೇನಲ್ಲ. ಬಿ.ಎ. ಓದುವಾಗ ನಮ್ಮ ಮೇಷ್ಟ್ರು ಒಂದು ಯುದ್ಧವರ್ಣನೆ ಪಾಠ ಮಾಡುತ್ತ, ಬಿಲ್ಲುಗಾರರು ಹೆದೆಯ ಪೆಟ್ಟು ತಾಗದಿರಲಿ ಎಂದು ಉಡದ ಚರ್ಮದ ಕೈಪಟ್ಟಿ ಕಟ್ಟುತ್ತಿದ್ದರು, ಬೆರಳಿಗೆ ಅಂಗುಲಿತ್ರಾಣ ತೊಡುತ್ತಿದ್ದರು ಎಂದು ವಿವರಿಸಿದ್ದರು. ಆಗ ಪರೀಕ್ಷೆಗೆ ಬರೆಯಲು ಬಿಟ್ಟರೆ ಅಂಗುಲಿತ್ರಾಣದಿಂದ ನನಗೇನು ಎಂದುಕೊಂಡಿದ್ದೆ. ಇಪ್ಪತ್ತೈದು ವರ್ಷದ ಮೇಲೆ ಮೈಸೂರಿನ ಅಂಗಡಿಯೊಂದರಲ್ಲಿ ಗೋಡೆತುಂಬ ಅಂಗುಲಿತ್ರಾಣಗಳು ತೂಗಾಡುತ್ತಿದ್ದವು. ಯಾವುದನ್ನು ಆರಿಸಬೇಕೆಂದು ಮೇಷ್ಟ್ರು ಹೇಳಿಕೊಟ್ಟಿರಲಿಲ್ಲ.

ಅಲ್ಲಿ ನಾನು ಮಾಡಿದ ತಪ್ಪನ್ನು ಲೋಕದಲ್ಲಿ ರೇಷ್ಮೆ ನೇಕಾರನೊಬ್ಬನೇ ಮಾಡಬಲ್ಲ. ಗ್ಲೌಸನ್ನು ನಾನು ಸೀರೆಯಂತೆ ಪರೀಕ್ಷಿಸಿದೆ. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜಿದೆ. ಕೆನ್ನೆಗೆ ಒತ್ತಿ ನೋಡಿದೆ. ಬೆಳಕಿಗೆ ಹಿಡಿದು ಹೊಲಿಗೆ ಕಾಣದಷ್ಟು ನವಿರಾಗಿದೆಯೇ ಎಂದು ನೋಡಿದೆ. ಮಡಚಿ ಮುಷ್ಟಿಯಲ್ಲಿ ಅಡಗುತ್ತದೆಯೇ ಎಂದು ನೋಡಿದೆ. ದಪ್ಪ ಚರ್ಮದ, ಗಂಟುಗಂಟಾದ, ಅಂಗೈಯಲ್ಲಿ ಪ್ಲಾಸ್ಟಿಕ್ ಬಿಲ್ಲೆ ಕೂರಿಸಿದ ಒರಟು ಗ್ಲೌಸುಗಳನ್ನೆಲ್ಲ ತಿರಸ್ಕಾರದಿಂದ ಪಕ್ಕಕ್ಕೆ ಸರಿಸಿದೆ. ಕೊನೆಗೆ ಒಂದು ಜೊತೆ ಸಿಕ್ಕಿತು. ಕುರಿಯ ಚರ್ಮ, ಕಾಡಿಗೆಯಂಥ ಕಪ್ಪು, ಮಣಿಕಟ್ಟಿನ ತನಕ ಮಾತ್ರ. ತೊಟ್ಟರೆ ತೊಟ್ಟದ್ದೇ ಗೊತ್ತಾಗುತ್ತಿರಲಿಲ್ಲ. ಇಷ್ಟು ಒಳ್ಳೆ ಮಾಲನ್ನು ಗುರುತಿಸಿದ ನನ್ನ ಬೆರಳುಗಳನ್ನು ನಾನೇ ಮೆಚ್ಚಿಕೊಂಡು ಊರಿಗೆ ಬಂದೆ.

ಮನೆಯಲ್ಲೂ ಎಲ್ಲರಿಗೂ ಹಿಡಿಸಿತು. ನಾಗರತ್ನ ಉಜ್ಜಿ ನೋಡಿ, "ಪರ್ವಾಗಿಲ್ಲ, ಒಳ್ಳೆದೇ ಕೊಟ್ಟವ್ರೆ," ಎಂದಳು. ಅಮ್ಮ ಅದನ್ನು ರೇಷ್ಮೆ ಕುಚ್ಚಿನ ಮೇಲೆ ಎಳೆದು, "ಒಂದೆಳೆನೂ ಇಡೀನಿಲ್ಲ ಕಣ್ಲಾ!" ಎಂದು ಸರ್ಟಿಫಿಕೇಟು ಕೊಟ್ಟಳು. ನಾವು ಮೂರು ಜನವೂ ಬಟ್ಟೆಯ ವಿಷಯದಲ್ಲಿ ಸೋಲುವವರಲ್ಲ. ಆದರೆ ಅದು ಬಟ್ಟೆಯಲ್ಲ ಎಂಬುದು ಒಬ್ಬರಿಗೂ ಹೊಳೆಯಲಿಲ್ಲ.

ಸಿದ್ದರಾಜುವಿಗೆ ಮಾತ್ರ ಯಾಕೋ ಸಮಾಧಾನವಾಗಲಿಲ್ಲ. ತಿರುಗಿಸಿ ಮುರುಗಿಸಿ ನೋಡಿ, "ನಂಗೂ ಅಷ್ಟಾಗಿ ಗೊತ್ತಿಲ್ಲ. ಅನೂರಲ್ಲಿ ಅಂತೋಣಿಯಣ್ಣ ಅವ್ನೆ. ಗ್ಲೌಸ್ ಒಲಿಯೋ ಪ್ಯಾಕ್ಟ್ರಿಲಿ ಇದ್ದೋನು. ಅವ್ನಿಗೊಂದ್ಸಲ ತೋರ್ಸು," ಎಂದ. ಮಗಳ ಸೀರೆಯ ಯೋಚನೆ ಅವನಿಗೂ ಹತ್ತಿತ್ತೆಂದು ಕಾಣುತ್ತದೆ.

ಹನೂರಿನ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದಲ್ಲಿ, ಒಂದು ತಗಡಿನ ಚಪ್ಪರದ ಕೆಳಗೆ ಅಂತೋಣಿಯಣ್ಣನ ಕೆಲಸ. ಚೀಲದ ಜಿಪ್ಪು, ಹೆಲ್ಮೆಟ್ಟಿನ ಪಟ್ಟಿ, ಬೈಕಿನ ಸೀಟು, ಚಪ್ಪಲಿ, ಏನು ಕೊಟ್ಟರೂ ಹೊಲಿಯುತ್ತಾನೆ. ಅರವತ್ತು ದಾಟಿದ ಮನುಷ್ಯ, ಊರು ಮಾರ್ಟಳ್ಳಿ ಕಡೆ, ಮನೆಮಾತು ತಮಿಳು. ಗಡಿಯಾಚೆ ಚರ್ಮದ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಹೊರದೇಶಕ್ಕೆ ಹೋಗುವ ಗ್ಲೌಸು ಹೊಲಿದು, ಕಣ್ಣು ಸೋತ ಮೇಲೆ ಹನೂರಿಗೆ ಬಂದು ಕೂತವನು. ನಾನು ನನ್ನ ಕುರಿಚರ್ಮದ ಹೆಮ್ಮೆಯನ್ನು ಅವನ ಮುಂದಿಟ್ಟೆ. ಅವನು ಉಜ್ಜಿ ನೋಡಲಿಲ್ಲ. "ಆಕ್ಕೊಳಿ ಸಾ," ಎಂದ. ಹಾಕಿಕೊಂಡೆ. ಬೆರಳ ತುದಿಗಳನ್ನು ಹಿಡಿದು ಒಂದೇ ಒಂದು ಸಲ ಜಗ್ಗಿದ. ಗ್ಲೌಸು ಅವನ ಕೈಗೆ ಬಂತು, ನನ್ನ ಕೈ ಬರಿದಾಗಿ ಗಾಳಿಯಲ್ಲಿ ನಿಂತಿತು.

"ಪಾರುಂಗ ಸಾ," ಎಂದ, ಗ್ಲೌಸನ್ನು ಎತ್ತಿ ತೋರಿಸಿ. "ನೀವು ಬಿದ್ರಿ ಅಂದ್ಕಳಿ. ಇದು ನಿಮ್ಗಿಂತ ಮುಂದ್ಕೆ ಓಗ್ಬುಡ್ತದ. ಬರಿಗೈ ಇಂದುಗಡೆಯಿಂದ ಬತ್ತದ."

ನನಗೆ ಸಿಟ್ಟು ಬಂತು. ಇಷ್ಟು ಮೆದು ಚರ್ಮ ಎಲ್ಲಿ ಸಿಗುತ್ತದೆ ಎಂದು ವಾದಿಸಿದೆ. ಹ್ಯಾಂಡಲ್ಲಿನ ಅದುರು ಬೆರಳಿಗೆ ಗೊತ್ತಾಗಬೇಕಲ್ಲ ಎಂದೆ. ಅವನು ತಾಳ್ಮೆಯಿಂದ ಕೇಳಿಸಿಕೊಂಡು, "ನೀವ್ ಏನ್ ಕೆಲ್ಸ ಮಾಡದು ಸಾ?" ಎಂದ. ಮಗ್ಗ ಎಂದೆ. "ಲಾಳಿ ಗೊತ್ತಲ್ಲ? ಲಾಳಿ ಮೆತ್ತಗಿದ್ರ ಓಡ್ತದಾ?"

ಕುರಿಚರ್ಮದ ಗ್ಲೌಸನ್ನು ಮಡಚಿ ಜೇಬಿಗೆ ತುರುಕಿದೆ.

ಆಮೇಲೆ ಅವನು ಹೇಳಿದ್ದನ್ನು ನಾನು ಶಾಲೆಯ ಹುಡುಗನ ಹಾಗೆ ಸಿಗರೇಟು ಪ್ಯಾಕಿನ ಹಿಂದೆ ಬರೆದುಕೊಂಡೆ. ಸಿಗರೇಟು ನನ್ನದಲ್ಲ, ಅವನದು. ಬೀಳುವವನು ಯಾರೇ ಆಗಲಿ ಮೊದಲು ಕೈ ಊರುತ್ತಾನೆ. ಬೇಡವೆಂದರೂ ಕೈ ಕೇಳುವುದಿಲ್ಲ. ಅಂಗೈಯ ಬುಡ ನೆಲಕ್ಕೆ ಬಡಿದು ಅಲ್ಲೇ ಕಚ್ಚಿಕೊಂಡರೆ ಮಣಿಕಟ್ಟು ಮುರಿಯುತ್ತದೆ, ಚರ್ಮವೂ ಹೋಗುತ್ತದೆ. ಅದಕ್ಕೇ ಅಲ್ಲಿ ಗಟ್ಟಿ ಬಿಲ್ಲೆ. ಅದು ಜಾರಿದರೆ ಕೈಯೂ ಜೊತೆಗೆ ಜಾರಿ ಉಳಿದುಕೊಳ್ಳುತ್ತದೆ. ಮಣಿಕಟ್ಟಿಗೆ ಬಿಗಿಯಾದ ಪಟ್ಟಿ ಬೇಕು, ಅದರ ಮೇಲೆ ಕೋಟಿನ ತೋಳನ್ನು ನುಂಗುವಷ್ಟು ಉದ್ದದ ಬಾಯಿ ಬೇಕು, ಅದಕ್ಕೆ ಇನ್ನೊಂದು ಪಟ್ಟಿ. ಕಿರುಬೆರಳು ಬಡಪಾಯಿ, ಬಿದ್ದಾಗ ಮೊದಲು ತಿರುಚಿಕೊಳ್ಳುವುದು ಅದೇ. ಪಕ್ಕದ ಉಂಗುರಬೆರಳಿಗೆ ಒಂದು ಚರ್ಮದ ತುಂಡಿನಿಂದ ಅದನ್ನು ಜೋಡಿಸಿರಬೇಕು, ರಸ್ತೆ ದಾಟುವಾಗ ಮಗುವಿನ ಕೈ ಹಿಡಿದ ಹಾಗೆ. ಅಂಗೈಯ ಹೊರ ಅಂಚಿಗೆ ಎರಡು ಪದರ ಚರ್ಮ, ಒಂದರ ಪಕ್ಕ ಒಂದು ಎರಡು ಸಾಲು ಹೊಲಿಗೆ. ಬೆರಳ ಸಂದಿನಲ್ಲಿ ಗಾಳಿ ಆಡಬಾರದು, ಬೆರಳ ತುದಿ ಮುಂದಕ್ಕೆ ಒತ್ತಲೂಬಾರದು. "ಅಂಗಡಿಲಿ ನಿಂತ್ಕಂಡ್ ನೋಡ್ಬೇಡಿ ಸಾ. ಬೈಕ್ ಮ್ಯಾಲೆ ಕೂತ್ಕಂಡು, ಹ್ಯಾಂಡಲ್ ಇಡ್ಕಂಡು ನೋಡಿ. ಆಮೇಲೆ ಯಾರ್ಗಾರ ಜಗ್ಗಾಕೇಳಿ."

ಮೈಸೂರಿನ ಅದೇ ಅಂಗಡಿಗೆ ಮತ್ತೆ ಹೋದೆ. ಪ್ರದರ್ಶನಕ್ಕೆ ನಿಲ್ಲಿಸಿದ್ದ ಬೈಕಿನ ಮೇಲೆ ಹತ್ತಿ ಕೂತು, ಹ್ಯಾಂಡಲ್ ಹಿಡಿದು, ಬಗ್ಗಿ, ಅಂಗಡಿಯ ಹೆಂಗಸಿಗೆ ನನ್ನ ಕೈ ಜಗ್ಗಲು ಹೇಳಿದೆ. ಆಕೆ ಮೊದಲು ಮಾಲೀಕರ ಮುಖ ನೋಡಿದರು. ಹೋದ ಸಲ ಕೆನ್ನೆಗೆ ಒತ್ತಿಕೊಂಡು ನಿಂತವನೇ ಇವನು ಎಂದು ಇಬ್ಬರಿಗೂ ನೆನಪಿತ್ತು. ಆಮೇಲೆ ಧೈರ್ಯ ಮಾಡಿ ಎಳೆದರು. ಮೊದಲನೆಯ ಜೊತೆ ಕಳಚಿ ಬಂತು. ಎರಡನೆಯದರಲ್ಲಿ ಕಿರುಬೆರಳು ಜಾಗ ಸಾಲದೆ ಒದ್ದಾಡಿತು. ಮೂರನೆಯದನ್ನು ತೊಟ್ಟಾಗ ಆಕೆ ಜಗ್ಗಿದ ರಭಸಕ್ಕೆ ನಾನೇ ಬೈಕಿನಿಂದ ಅರ್ಧ ಕೆಳಗಿಳಿದೆ, ಗ್ಲೌಸು ಅಲುಗಲಿಲ್ಲ. ದಪ್ಪ ಹಸುವಿನ ಚರ್ಮ, ಗೆಣ್ಣುಗಳ ಮೇಲೆ ಉಬ್ಬು, ಅಂಗೈಯಲ್ಲಿ ನಾನು ತಿರಸ್ಕರಿಸಿದ್ದ ಅದೇ ಪ್ಲಾಸ್ಟಿಕ್ ಬಿಲ್ಲೆ. ನಿಜಕ್ಕೂ ಕುರೂಪಿ. ಕಟ್ಟಿಸಿಕೊಂಡು ಬಂದೆ.

ಮನೆಯಲ್ಲಿ ಈ ಸಲ ಯಾರೂ ಮೆಚ್ಚಲಿಲ್ಲ. ಅಮ್ಮ ಮುಟ್ಟಿ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು. ಹೊಸ ಚರ್ಮ ಕೈಗೆ ಒಗ್ಗಬೇಕಾದರೆ ತೊಟ್ಟು ತೊಟ್ಟು ಪಳಗಿಸಬೇಕು. ಹಾಗಾಗಿ ಸಂಜೆ ಹೊತ್ತು ಅದನ್ನು ತೊಟ್ಟುಕೊಂಡೇ ಜಗಲಿಯಲ್ಲಿ ಕೂತು ಪೇಪರು ಓದುತ್ತಿದ್ದೆ, ಪುಟ ತಿರುವಲು ಬಾರದೆ ಒಂದೇ ಪುಟವನ್ನು ಮೂರು ಸಲ ಓದುತ್ತಿದ್ದೆ. ಕಾಫಿ ಲೋಟ ಹಿಡಿದರೆ ಬಿಸಿಯೇ ತಾಗುತ್ತಿರಲಿಲ್ಲ, ಬಾಯಿ ಮಾತ್ರ ಸುಟ್ಟುಕೊಳ್ಳುತ್ತಿತ್ತು. ಎದುರುಮನೆಯಾಕೆ ನಾಗರತ್ನಳನ್ನು ಪಕ್ಕಕ್ಕೆ ಕರೆದು, "ಅಣ್ಣಾರು ಕೈ ಏನಾರ ಸುಟ್ಕಂಡ್ರಾ?" ಎಂದು ಮರುಗಿದಳು. ಬಲಗೈಯ ಉಂಗುರಬೆರಳೊಳಗೆ ಒಂದು ಹೊಲಿಗೆಯ ಮಡಿಕೆ ಒತ್ತುತ್ತಿತ್ತು. ಮತ್ತೆ ಹನೂರಿಗೆ ಓಡಿದೆ.

ಅಂತೋಣಿಯಣ್ಣ ಗ್ಲೌಸನ್ನು ಒಳಮೈ ಹೊರಗೆ ಮಾಡಿ, ಕಣ್ಣಿಗೆ ತೀರ ಹತ್ತಿರ ಹಿಡಿದು, ಹೊಲಿಗೆಯ ಮೇಲೆ ಉಗುರು ಓಡಿಸಿದ. ಒತ್ತುತ್ತಿದ್ದ ಮಡಿಕೆಯನ್ನು ಕತ್ತರಿಯಿಂದ ಸವರಿ ತೆಗೆದ. ಅಂಗೈಯ ಹೊರ ಅಂಚಿನಲ್ಲಿ ಒಂದು ಕಡೆ ಹೊಲಿಗೆ ತಪ್ಪಿರುವುದನ್ನು ಕಂಡುಹಿಡಿದ. ಎರಡೇ ಎರಡು ಗಂಟು ಬಿಟ್ಟಿತ್ತು. ನನ್ನ ಕಣ್ಣಿಗೆ ಕಂಡಿರಲಿಲ್ಲ, ನಾನು ಹೊಲಿಗೆ ಗುರುತಿಸುವುದರಲ್ಲಿ ಗಟ್ಟಿಗನೆಂದುಕೊಂಡವನು. ನಾನು ಸಂತೋಷದಿಂದ ಜೇಬಿನಿಂದ ಒಂದು ಉಂಡೆ ಹುರಿ ರೇಷ್ಮೆ ತೆಗೆದು, ಇದರಲ್ಲೇ ಹೊಲಿಯಣ್ಣ ಎಂದೆ. ಅದಕ್ಕೆಂದೇ ತಂದಿದ್ದೆ. ಅವನು ಅದನ್ನು ಕೈಯಲ್ಲಿ ತೂಗಿ, ನಕ್ಕು, ಹಿಂದಕ್ಕೆ ಕೊಟ್ಟ. "ನಿಮ್ ರೇಸ್ಮೆ ಇಲ್ಲಿ ನಡ್ಯದಿಲ್ಲ ಸಾ. ನೈಲಾನೇ ಬೇಕು." ಮೇಣ ಉಜ್ಜಿದ ನೈಲಾನು ದಾರದಲ್ಲಿ, ಎರಡು ಸೂಜಿ ಹಿಡಿದು, ಎರಡೂ ಕಡೆಯಿಂದ ಹಾಕಿ ಬಿಗಿದ. ಕೊಳ್ಳೇಗಾಲದ ರೇಷ್ಮೆಗೆ ಇಂಥ ಅವಮಾನವಾದದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ, ಈಗ ನಿಮಗೆ ಹೇಳುತ್ತಿದ್ದೇನೆ.

ಹೊರಡುವ ದಿನ ಸಿದ್ದರಾಜುವಿನ ಗೂಡ್ಸ್ ಗಾಡಿಯಲ್ಲಿ ಎರಡು ಬೈಕು ಕಟ್ಟಿಕೊಂಡು ಮಾಂಬಳ್ಳಿ ದಾಟಿದೆವು. ಯಳಂದೂರಿನಲ್ಲಿ ಟೀ ಕುಡಿದೆವು. ಸಿದ್ದರಾಜು ಟೀ ಲೋಟ ಕೆಳಗಿಟ್ಟು, "ನಂಜ, ಬ್ಯಾಡ ಅನ್ಸುದ್ರ ಇಲ್ಲಿಂದ್ಲೇ ತಿರುಗ್ಸನ," ಎಂದ. ಕರೆದುಕೊಂಡು ಹೊರಟವನೇ ಹೀಗೆ ಹೇಳಿದಾಗ ನನಗೆ ಮೊದಲ ಸಲ ಭಯವಾಯಿತು. ಗ್ಲೌಸನ್ನು ತೊಡೆಯ ಮೇಲಿಟ್ಟುಕೊಂಡು, "ನಡಿ ನಡಿ," ಎಂದೆ.

ಟ್ರ್ಯಾಕಿನಲ್ಲಿ ಬೈಕು ಮುಟ್ಟುವ ಮೊದಲು ಸಾಮಾನು ತಪಾಸಣೆ. ಗಂಭೀರ ಮುಖದ ಒಬ್ಬರು ಸಾಲಾಗಿ ಎಲ್ಲರ ಗ್ಲೌಸು ಜಗ್ಗುತ್ತ ಬಂದರು. ನನ್ನ ಮುಂದಿದ್ದವನ ಮೆದು ಗ್ಲೌಸು ಒಂದೇ ಎಳೆತಕ್ಕೆ ಬಂತು. ಅವನನ್ನು ಬೇರೆ ಹುಡುಕಿಕೊಂಡು ಬಾ ಎಂದು ಕಳಿಸಿದರು. ಅವನ ಮುಖ ನೋಡಿದೆ, ಹನೂರಿನ ಚಪ್ಪರದ ಕೆಳಗೆ ನನ್ನ ಮುಖವೂ ಹೀಗೇ ಇದ್ದಿರಬೇಕು. ನನ್ನದನ್ನು ಎರಡು ಸಲ ಜಗ್ಗಿ, ಹೊರ ಅಂಚಿನ ಹೊಲಿಗೆ ನೋಡಿ, "ಗುಡ್" ಎಂದು ಮುಂದೆ ಹೋದರು. ಬಿ.ಎ. ಪಾಸಾದ ದಿನ ಇಷ್ಟು ಹಿಗ್ಗಿರಲಿಲ್ಲ.

ಓಡಿಸಿದ್ದನ್ನು ವರ್ಣಿಸುವುದಿಲ್ಲ. ಬಸ್ಸಿಲ್ಲ, ಆನೆಯಿಲ್ಲ, ಎಮ್ಮೆಯಿಲ್ಲ, ಬರೀ ತಿರುವು. ಎರಡು ಸರದಿ ಚೆನ್ನಾಗಿ ಆಯಿತು. ಮೂರನೆಯ ಸರದಿಯಲ್ಲಿ ಧೈರ್ಯ ಬಂದಿತ್ತು, ಅದೇ ತಪ್ಪಾಯಿತು. ಬಲಕ್ಕೆ ಒಂದು ತಿರುವು, ಅಷ್ಟೇನೂ ವೇಗವಿಲ್ಲ. ಬೈಕು ಒಮ್ಮೆಗೇ ಕಾಲಕೆಳಗಿನಿಂದ ಜಾರಿಹೋಯಿತು. ಕೈ ಊರಬಾರದು ಎಂದು ಬೆಳಿಗ್ಗೆ ತಾನೇ ಹೇಳಿಕೊಟ್ಟಿದ್ದರು. ಅಂತೋಣಿಯಣ್ಣ ಹೇಳಿದಂತೆ ಕೈ ಯಾರ ಮಾತೂ ಕೇಳಲಿಲ್ಲ. ಬಲಗೈ ಮುಂದೆ ಹೋಗಿ ನೆಲಕ್ಕೆ ಬಿತ್ತು. ಆಮೇಲೆ ಸರ್ರನೆ ಒಂದು ಸದ್ದು. ಹುಟ್ಟಿದಾಗಿನಿಂದ ಕೇಳಿದ ಸದ್ದು, ಲಾಳಿ ಓಡುವ ಸದ್ದು. ಕೈ ಕಚ್ಚಿಕೊಳ್ಳಲಿಲ್ಲ, ಓಡಿತು. ನಾನು ಅದರ ಹಿಂದೆ ಓಡಿದೆ.

ಹುಲ್ಲಿನ ಮೇಲೆ ಕೂತಿದ್ದಾಗ ಸಿದ್ದರಾಜು ಏದುಸಿರು ಬಿಡುತ್ತ ಓಡಿಬಂದ. "ಕೈ ತೋರ್ಸ್ಲಾ! ಮೊದ್ಲು ಕೈ ತೋರ್ಸು!"

"ಲೇ, ನಾನೂ ಬಿದ್ದಿವ್ನಿ ಕಣ್ಲಾ," ಎಂದೆ.

"ನೀನ್ ಬಿದ್ದಿದ್ ಕಂಡಿವ್ನಿ. ಕೈ ಕಂಡಿಲ್ಲ."

ಬಲಗೈ ಬಿಲ್ಲೆ ಅರ್ಧಕ್ಕರ್ಧ ಸವೆದು, ಹೊರ ಅಂಚಿನ ಮೇಲ್ಪದರ ಹರಿದು ಸುರುಳಿಯಾಗಿತ್ತು. ಒಳಗೇನಾಗಿದೆ ಎಂದು ನನಗೆ ಗೊತ್ತಾಗುತ್ತಿರಲಿಲ್ಲ. ಕೈಯೆಲ್ಲ ಜುಮ್ಮೆನ್ನುತ್ತಿತ್ತು. ಪಟ್ಟಿ ಬಿಚ್ಚಲು ಹೋದರೆ ಎಡಗೈಯ ದಪ್ಪ ಗ್ಲೌಸಿಗೆ ಹಿಡಿತ ಸಿಗಲಿಲ್ಲ. ಸಿದ್ದರಾಜುವೇ ಬಿಚ್ಚಿದ. ಒಂದು ಪಟ್ಟಿ, ಇನ್ನೊಂದು ಪಟ್ಟಿ. ಅಷ್ಟು ಹೊತ್ತೂ ನನ್ನ ಕಣ್ಣ ಮುಂದೆ ಅರಿಸಿನ ಬಣ್ಣದ ಆ ಸೀರೆ, ಅದರ ನಡುವೆ ಅಡ್ಡಕ್ಕೆ ಬಿದ್ದ ಗೆರೆ. ಅವನು ಗ್ಲೌಸು ಎಳೆದು, ನನ್ನ ಅಂಗೈಯನ್ನು ಬೆಳಕಿಗೆ ಹಿಡಿದ. ಕೆಂಪಗಾಗಿತ್ತು, ಬೆವೆತಿತ್ತು, ಇಡೀ ಅಂಗೈ ಇದ್ದದ್ದು ಇದ್ದ ಹಾಗೇ ಇತ್ತು. ಸಿದ್ದರಾಜು ಅದನ್ನು ತನ್ನ ಎರಡು ಗ್ರೀಸು ಕೈಗಳ ನಡುವೆ ಇಟ್ಟುಕೊಂಡು ಹುಲ್ಲಿನ ಮೇಲೆ ಕೂತುಬಿಟ್ಟ. ನಾನು ಅತ್ತೆ. ಸೊಂಟದ ನೋವಿಗೆ ಎಂದು ಆಮೇಲೆ ಹೇಳಿದೆ.

ಮನೆಗೆ ಬಂದಾಗ ಕುಂಟುವುದನ್ನು ಮುಚ್ಚಿಡಲಾಗಲಿಲ್ಲ. ಅಮ್ಮ ಮೊದಲು ಮಗ್ಗದ ಕಂಬ ತೋರಿಸಿದಳು. ಎರಡೂ ಅಂಗೈಗಳನ್ನು ಕುಚ್ಚಿನ ಮೇಲೆ ಎಳೆದೆ. "ಇಡೀತಾ?" "ಇಲ್ಲ ಕಣಮ್ಮ." ನಾಗರತ್ನ ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡುತ್ತ ಇಟ್ಟಳು. ಆಗ ಅಮ್ಮ ಗ್ಲೌಸು ಕೇಳಿದಳು. ಬೆರಳಾಡಿಸಿ ಸವೆದ ಬಿಲ್ಲೆ ಹುಡುಕಿ, ಅದನ್ನು ಕುಚ್ಚಿನ ಮೇಲೆ ಎಳೆದಳು. ಎಳೆಗಳು ಪಟಪಟನೆ ಸಿಕ್ಕಿ ಹರಿದವು. "ಇದ್ನ ಒಲ್ದ ಪುಣ್ಯಾತ್ಮ ಯಾರೋ ಏನೋ," ಎಂದಳು, "ಅವನ್ ಒಟ್ಟೆ ತಣ್ಣಗಿರ್ಲಿ."

ಈ ಹರಕೆಯನ್ನು ತಲುಪಿಸಬೇಕಿತ್ತಲ್ಲ, ಹೊಲಿದವರ ವಿಳಾಸ ನನಗೆ ಗೊತ್ತಿಲ್ಲ. ಗೊತ್ತಿದ್ದದ್ದು ಒಂದೇ ವಿಳಾಸ. ಸೊಂಟ ಸರಿಯಾದ ಮೇಲೆ ಹನೂರಿಗೆ ಹೋದೆ. ಅಂತೋಣಿಯಣ್ಣ ಮೊದಲು ನೋಡಿದ್ದು ಗ್ಲೌಸನ್ನೇ. ತಾನು ಹಾಕಿದ ನೈಲಾನು ಹೊಲಿಗೆಯ ಮೇಲೆ ಉಗುರು ಓಡಿಸಿದ. ಮೇಲ್ಪದರ ಹರಿದಿತ್ತು, ಹೊಲಿಗೆ ಒಂದು ಗಂಟೂ ಬಿಟ್ಟಿರಲಿಲ್ಲ. ತಲೆಯಾಡಿಸಿದ. ಆಮೇಲೆ ಏನೋ ನೆನಪಾದವನಂತೆ, "ಕೈ ಕೊಡಿ ಸಾ," ಎಂದ. ಕೊಟ್ಟೆ. ಸೂಜಿ ಚುಚ್ಚಿ ಚುಚ್ಚಿ ಗಡಸಾದ ತನ್ನ ಹೆಬ್ಬೆರಳಿನಿಂದ ನನ್ನ ಅಂಗೈಯನ್ನು ಬುಡದಿಂದ ಬೆರಳತುದಿಯವರೆಗೆ ಮೆಲ್ಲಗೆ ಸವರಿದ. ಅಮ್ಮನ ಹರಕೆ ಹೇಳಿದೆ.

"ಅದು ನಾನ್ ಒಲ್ದಿದ್ದಲ್ಲ ಸಾ. ನಮ್ಮಂತೋನು ಯಾವನೋ ಒಲ್ದಿರ್ತನೆ," ಎಂದ. ಕೈ ಮಾತ್ರ ಬಿಡಲಿಲ್ಲ. "ಇಪ್ಪತ್ ವರ್ಸ ಒಲ್ದೆ. ಎಷ್ಟೋ ಸಾವ್ರ ಜೊತೆ. ಒಂದ್ ಕೈನೂ ಕಂಡಿರ್ನಿಲ್ಲ. ಇವತ್ತೇ ಕಂಡಿದ್ದು."

ಆ ದಿನ ಬೈಕಿನಲ್ಲಿ ಕೊಳ್ಳೇಗಾಲಕ್ಕೆ ಬರುವಾಗ ನಿಧಾನವಾಗಿ ಬಂದೆ. ನಾನೂ ಇಪ್ಪತ್ತೈದು ವರ್ಷದಿಂದ ನೇಯುತ್ತಿದ್ದೇನೆ. ಸೀರೆ ಮಗ್ಗದಿಂದ ಇಳಿಯುತ್ತದೆ, ಮಡಿಕೆಯಾಗುತ್ತದೆ, ಅಂಗಡಿಯವರು ತೆಗೆದುಕೊಂಡು ಹೋಗುತ್ತಾರೆ. ಅದನ್ನು ಉಟ್ಟವರನ್ನು ನಾನು ಒಬ್ಬರನ್ನೂ ಕಂಡಿರಲಿಲ್ಲ. ಇಷ್ಟು ವರ್ಷ ಅದು ನನಗೆ ಕೊರತೆಯೆಂದೂ ಅನ್ನಿಸಿರಲಿಲ್ಲ. ಅಂತೋಣಿಯಣ್ಣನಿಗೂ ಅನ್ನಿಸಿರಲಿಲ್ಲವೇನೋ. ಯಾರೋ ಎಲ್ಲೋ ಕೂತು ನಮಗಾಗಿ ಎರಡು ಸಾಲು ಹೊಲಿಗೆ ಹಾಕಿರುತ್ತಾರೆ, ನಾವು ಅದರೊಳಗೆ ಕೈ ತೂರಿಸಿ ಹೊರಟುಬಿಡುತ್ತೇವೆ. ಬಿದ್ದಾಗಲಾದರೂ ಅವರ ನೆನಪು ಬಂತಲ್ಲ, ನಾನು ಬಿದ್ದದ್ದಕ್ಕೂ ಈಗ ನನಗೆ ಬೇಸರವಿಲ್ಲ.

ಕಾವ್ಯಳ ಸೀರೆ ಮುಗಿಯಿತು. ಧನಗೆರೆಯಲ್ಲಿ ಮದುವೆ. ನಾನೇ ಹನೂರಿಗೆ ಹೋಗಿ ಅಂತೋಣಿಯಣ್ಣನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದೆ. ಕೈ ಕೆಟ್ಟಿದ್ದರೆ ಸೀರೆಯಲ್ಲಿ ಬೀಳುತ್ತಿದ್ದ ಗೆರೆಯ ಕತೆಯನ್ನು ದಾರಿಯುದ್ದಕ್ಕೂ ಅವನಿಗೆ ಹೇಳಿದೆ. ಬಿಳಿ ಅಂಗಿ ತೊಟ್ಟು, ಕೂದಲು ಬಾಚಿ, ಪೂರ್ತಿ ಅಪರಿಚಿತನಾಗಿ ಕಾಣುತ್ತಿದ್ದ. ಇಬ್ಬರೂ ಮುಂದಿನ ಸಾಲಿನಲ್ಲಿ ಕೂತೆವು. ಕಾವ್ಯ ಅರಿ‌ಸಿನ ಬಣ್ಣದ ಸೀರೆಯುಟ್ಟು ಹಸೆಮಣೆಗೆ ಬಂದಳು. ನಾನು ನೇಯ್ದ ಸೀರೆ ನಡೆದಾಡುವುದನ್ನು, ಬಾಗುವುದನ್ನು, ನಾಚಿ ಸೆರಗು ಸರಿಮಾಡಿಕೊಳ್ಳುವುದನ್ನು ನಾನು ಜೀವಮಾನದಲ್ಲಿ ಮೊದಲ ಸಲ ನೋಡಿದೆ. ಧಾರೆ ಎರೆಯುವಾಗ ಸಿದ್ದರಾಜು ನಮ್ಮಿಬ್ಬರ ಕಡೆ ಒಮ್ಮೆ ತಿರುಗಿ ನೋಡಿದ.

ಅಂತೋಣಿಯಣ್ಣ ಬಹಳ ಹೊತ್ತು ಕಣ್ಣು ಕಿರಿದು ಮಾಡಿ ಸೀರೆಯನ್ನೇ ನೋಡುತ್ತಿದ್ದ. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿದ.

"ಇದ್ರಲ್ಲಿ ನೀವ್ ಬಿದ್ದ ಜಾಗ ಎಲ್ಲದ ಸಾ?"

ನಾನೂ ಹುಡುಕಿದೆ. ಅಂಚಿನಿಂದ ಅಂಚಿಗೆ, ನಿರಿಗೆಯಿಂದ ಸೆರಗಿಗೆ, ನೇಯ್ದವನ ಕಣ್ಣಿಟ್ಟು ಹುಡುಕಿದೆ. ಸಿಗಲಿಲ್ಲ.